ಸುರಕ್ಷಿತ ಜಾಲತಾಣ ತೆರೆಯದಿದ್ದಾಗ: ಮನೆಯ ಕಂಪ್ಯೂಟರಿನಲ್ಲಿ ದೋಷ ಹುಡುಕುವ ಕ್ರಮ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲಿನ ಕೆಲವು ವಾರಗಳು ಕಾಸರಗೋಡಿನ ಕನ್ನಡ ಮನೆಗಳಲ್ಲಿ ಅರ್ಜಿಗಳ ಕಾಲ. ಪ್ಲಸ್ ಒನ್ (ಹನ್ನೊಂದನೆಯ ತರಗತಿ) ಪ್ರವೇಶಕ್ಕೆ ಕೇರಳದ ಒಂದು ತಾಣ, ಅದಕ್ಕೆ ಬೇಕಾದ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ಇ-ಡಿಸ್ಟ್ರಿಕ್ಟ್ ತಾಣ, ಮನೆಯ ಹಿರಿಯ ಮಗುವಿಗೆ ಗಡಿನಾಡ ಕನ್ನಡಿಗರ ನೆಲೆಯಲ್ಲಿ ಕರ್ನಾಟಕದ ವೃತ್ತಿಶಿಕ್ಷಣದ ಸೀಟು ಬೇಕಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣ, ಹೀಗೆ ಎರಡು ರಾಜ್ಯಗಳ ಪುಟಗಳನ್ನು ಒಂದೇ ವಾರದಲ್ಲಿ ತೆರೆಯಬೇಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಕೆಂಪು ತ್ರಿಕೋನವೂ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಸಾಲೂ ಕಾಣಿಸಿಕೊಂಡರೆ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ‘ಅಡ್ವಾನ್ಸ್‌ಡ್’ ಎಂಬುದನ್ನು ಒತ್ತಿ ಎಚ್ಚರಿಕೆಯನ್ನು ದಾಟಿ ಹೋಗುತ್ತಾರೆ, ಇಲ್ಲವೇ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಮೊದಲನೆಯದು ಅಪಾಯಕಾರಿ, ಎರಡನೆಯದು ಬಹುಪಾಲು ಅನಗತ್ಯ.

ಈ ಎಚ್ಚರಿಕೆ ಬರುವುದಕ್ಕೆ ಕಾರಣ ಮೂರು ಕಡೆಗಳಲ್ಲಿ ಇರಬಹುದು: ನಿಮ್ಮ ಕಂಪ್ಯೂಟರಿನಲ್ಲಿ, ಮನೆಯ ಇಂಟರ್ನೆಟ್ ಲೈನಿನಲ್ಲಿ ಅಥವಾ ಆ ಜಾಲತಾಣದಲ್ಲಿಯೇ. ಯಾವ ಕಡೆಯ ದೋಷವೆಂದು ತಿಳಿಯದೆ ಸೆಟ್ಟಿಂಗುಗಳನ್ನು ಬದಲಾಯಿಸುತ್ತ ಹೋದರೆ ಇದ್ದ ಒಂದು ದೋಷಕ್ಕೆ ಇನ್ನೆರಡು ಸೇರಿಕೊಳ್ಳುತ್ತವೆ. ಆದ್ದರಿಂದ ದೋಷದ ಜಾಗವನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಈ ಬರಹದಲ್ಲಿ ಮೊದಲ ಸ್ಥಾನ; ಸರಿಪಡಿಸುವ ವಿಧಾನಗಳು ಆಮೇಲೆ.

ಬ್ರೌಸರ್ ಏನನ್ನು ಪರಿಶೀಲಿಸುತ್ತದೆ

ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಎಂದಿರುವ ತಾಣವನ್ನು ತೆರೆಯುವಾಗ ನಿಮ್ಮ ಬ್ರೌಸರ್ ಮತ್ತು ಆ ತಾಣದ ಸರ್ವರ್ (ತಾಣವನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರ್) ‘ಟಿಎಲ್‌ಎಸ್’ ಎಂಬ ಕ್ರಮದಲ್ಲಿ ಗುಪ್ತ ಭಾಷೆಯೊಂದನ್ನು ಒಪ್ಪಿಕೊಳ್ಳುತ್ತವೆ. ಅದಕ್ಕೆ ಮೊದಲು ಸರ್ವರ್ ತನ್ನ ಗುರುತನ್ನು ತೋರಿಸಲು ಒಂದು ಡಿಜಿಟಲ್ ಪ್ರಮಾಣಪತ್ರವನ್ನು ಮುಂದಿಡುತ್ತದೆ. ವಿಲೇಜ್ ಆಫೀಸರರು ಕೊಟ್ಟ ಪ್ರಮಾಣಪತ್ರವನ್ನು ಶಾಲೆಯವರು ನೋಡುವಾಗ ಹೆಸರು ವಿದ್ಯಾರ್ಥಿಯದೇ ಹೌದೇ, ಅವಧಿ ಮುಗಿದಿದೆಯೇ, ಕೊಟ್ಟವರಿಗೆ ಕೊಡುವ ಅಧಿಕಾರ ಇದೆಯೇ ಎಂಬ ಮೂರನ್ನು ನೋಡುವಂತೆಯೇ ಬ್ರೌಸರ್ ಕೂಡ ಪ್ರಮಾಣಪತ್ರದಲ್ಲಿರುವ ಹೆಸರನ್ನು, ಅದರ ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು, ಅದನ್ನು ಕೊಟ್ಟ ಸಂಸ್ಥೆಯನ್ನು ಪರಿಶೀಲಿಸುತ್ತದೆ. ನಂಬಬಹುದಾದ ಸಂಸ್ಥೆಗಳ ಮೂಲ ಪ್ರಮಾಣಪತ್ರಗಳ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಫೈರ್‌ಫಾಕ್ಸ್ ಇಂಥ ಪಟ್ಟಿಯನ್ನು ತಾನೇ ಇಟ್ಟುಕೊಂಡಿದೆ. ಕ್ರೋಮ್ ಬಹುಕಾಲ ವಿಂಡೋಸ್‌ನ ಪಟ್ಟಿಯನ್ನು ಅವಲಂಬಿಸಿ 2022ರಿಂದ ತನ್ನದೇ ಪಟ್ಟಿಗೆ ಬದಲಾಯಿತು. ಈ ವ್ಯತ್ಯಾಸ ಮುಂದೆ ಪರೀಕ್ಷೆಯ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ಈ ಪರಿಶೀಲನೆ ಬರೀ ಔಪಚಾರಿಕವಲ್ಲ. 2011ರಲ್ಲಿ ಡಿಜಿನೋಟಾರ್ ಎಂಬ ಡಚ್ ಸಂಸ್ಥೆಯ ವ್ಯವಸ್ಥೆಗೆ ನುಗ್ಗಿದವರು ಗೂಗಲ್ ಹೆಸರಿನಲ್ಲಿಯೇ ಸುಳ್ಳು ಪ್ರಮಾಣಪತ್ರ ಮಾಡಿಕೊಂಡರು. ಅದು ಇರಾನಿನ ಬಳಕೆದಾರರ ಮೇಲೆ ಪ್ರಯೋಗವಾಯಿತು. ಬ್ರೌಸರುಗಳೆಲ್ಲ ಆ ಸಂಸ್ಥೆಯನ್ನು ಪಟ್ಟಿಯಿಂದ ಕಿತ್ತುಹಾಕಿದವು, ಅದೇ ವರ್ಷ ಅದು ದಿವಾಳಿಯಾಯಿತು. ಎಚ್ಚರಿಕೆಯ ಪುಟವನ್ನು ಕಿರಿಕಿರಿಯೆಂದು ಭಾವಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮೊದಲು ಸಂದೇಶವನ್ನು ಓದಿ ಬರೆದುಕೊಳ್ಳಿ

ಎಚ್ಚರಿಕೆಯ ಪುಟದ ದೊಡ್ಡ ಅಕ್ಷರಗಳ ಸಾಲು ಎಲ್ಲ ಸಂದರ್ಭಗಳಲ್ಲೂ ಹೆಚ್ಚುಕಡಿಮೆ ಒಂದೇ. ನಿಜವಾದ ಕಾರಣ ಇರುವುದು ಅದರ ಕೆಳಗಿನ ಸಣ್ಣ ಅಕ್ಷರಗಳ ಸಂಕೇತದಲ್ಲಿ. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಲ್ಲಿ ಸಂಕೇತವು ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂದು ಕೊನೆಗೊಂಡರೆ ದಿನಾಂಕದ ತೊಂದರೆ, ‘ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ ಹೆಸರಿನ ತೊಂದರೆ, ‘ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ ಪ್ರಮಾಣಪತ್ರ ಕೊಟ್ಟವರನ್ನು ನಂಬಲಾಗುತ್ತಿಲ್ಲ ಎಂದು ತಿಳಿಯಬೇಕು. ಫೈರ್‌ಫಾಕ್ಸ್‌ನಲ್ಲಿ ಈ ಕೊನೆಯ ತೊಂದರೆ ‘ಅನ್‌ನೋನ್ ಇಶ್ಯುವರ್’ ಎಂಬ ಪದಗಳೊಂದಿಗೆ ಬರುತ್ತದೆ.

ಇನ್ನೊಂದು ಗುಂಪು ಬೇರೆ ತೆರನದ್ದು. ‘ಎಸ್‌ಎಸ್‌ಎಲ್ ಪ್ರೋಟೋಕಾಲ್ ಎರರ್’, ‘ವರ್ಷನ್ ಆರ್ ಸೈಫರ್ ಮಿಸ್‌ಮ್ಯಾಚ್’, ‘ಕನೆಕ್ಷನ್ ರೀಸೆಟ್’ ಎಂಬ ಸಂದೇಶಗಳು ಬಂದರೆ ಮಾತುಕತೆಯೇ ಅರ್ಧಕ್ಕೆ ಮುರಿದಿದೆ ಎಂದರ್ಥ. ಇವುಗಳಿಗೆ ಹಳೆಯ ಬ್ರೌಸರ್, ಲೈನಿನ ತೊಂದರೆ, ಆ್ಯಂಟಿವೈರಸ್ ಅಥವಾ ಸರ್ವರಿನ ಹಳೆಯ ವ್ಯವಸ್ಥೆ ಕಾರಣವಾಗಿರುತ್ತದೆ. ಸರ್ಕಾರದ ಆದೇಶದಿಂದ ತಡೆಹಿಡಿಯಲಾದ ತಾಣವನ್ನು ತೆರೆಯಲು ಹೊರಟಾಗಲೂ ಕೆಲವು ಲೈನುಗಳಲ್ಲಿ ‘ಕನೆಕ್ಷನ್ ರೀಸೆಟ್’ ಮಾತ್ರ ಕಾಣುತ್ತದೆ.

ದೋಷ ಯಾವ ಕಡೆ ಎಂದು ತಿಳಿಯುವ ಪರೀಕ್ಷೆ

ಈ ಪರೀಕ್ಷೆಗೆ ಐದು ನಿಮಿಷ ಸಾಕು, ಬೇಕಾಗುವ ಉಪಕರಣ ಒಂದು ಮೊಬೈಲ್ ಫೋನ್. ಮೊದಲು ಅದೇ ಕಂಪ್ಯೂಟರಿನಲ್ಲಿ, ಅದೇ ಬ್ರೌಸರಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ದೊಡ್ಡ ತಾಣಗಳನ್ನು, ಉದಾಹರಣೆಗೆ ಕನ್ನಡ ವಿಕಿಪೀಡಿಯವನ್ನೂ ಗೂಗಲನ್ನೂ ತೆರೆಯಿರಿ. ಎಲ್ಲವೂ ಎಚ್ಚರಿಕೆ ತೋರಿಸಿದರೆ ದೋಷ ನಿಮ್ಮ ಮನೆಯೊಳಗೇ ಇದೆ. ಒಂದೇ ತಾಣ ಮಾತ್ರ ತೋರಿಸಿದರೆ ದೋಷ ಆ ತಾಣದ್ದಾಗಿರುವ ಸಂಭವ ಹೆಚ್ಚು, ಆದರೆ ಖಚಿತವಲ್ಲ.

ಆಮೇಲೆ ಮೊಬೈಲಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದ ಮೂಲಕ ಅದೇ ವಿಳಾಸವನ್ನು ತೆರೆಯಿರಿ. ಅಲ್ಲಿಯೂ ಎಚ್ಚರಿಕೆ ಬಂದರೆ ತಾಣದ ದೋಷವೆಂದು ಬಹುಮಟ್ಟಿಗೆ ನಿರ್ಧರಿಸಬಹುದು, ಮುಂದಿನ ಶ್ರಮವನ್ನು ಉಳಿಸಿಕೊಳ್ಳಬಹುದು. ಅಲ್ಲಿ ಸರಿಯಾಗಿ ತೆರೆದರೆ ಮೊಬೈಲನ್ನು ಮನೆಯ ವೈಫೈಗೆ ಸೇರಿಸಿ ಮತ್ತೆ ನೋಡಿ. ಡೇಟಾದಲ್ಲಿ ತೆರೆದು ವೈಫೈಯಲ್ಲಿ ತೆರೆಯದಿದ್ದರೆ ತೊಂದರೆ ಮನೆಯ ಲೈನಿನಲ್ಲಿ ಅಥವಾ ರೌಟರಿನಲ್ಲಿದೆ. ಎರಡರಲ್ಲೂ ತೆರೆದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯದಿದ್ದರೆ ತೊಂದರೆ ಕಂಪ್ಯೂಟರಿನದು. ಆಗ ಕೊನೆಯದಾಗಿ ಕಂಪ್ಯೂಟರಿನ ಇನ್ನೊಂದು ಬ್ರೌಸರಿನಲ್ಲಿ ನೋಡಬೇಕು. ಎರಡು ಬ್ರೌಸರುಗಳಲ್ಲಿ ಒಂದು ಮಾತ್ರ ದೂರಿದರೆ ಗಡಿಯಾರವಾಗಲಿ ಲೈನಾಗಲಿ ಕಾರಣವಲ್ಲ. ಆ ಬ್ರೌಸರಿನ ಹಳತಾದ ಆವೃತ್ತಿ, ಅದರ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶ) ಅಥವಾ ಅದು ನಂಬುವ ಪಟ್ಟಿ ಕಾರಣ.

ಗಡಿಯಾರ

ಎಲ್ಲ ತಾಣಗಳೂ ಒಮ್ಮೆಲೇ ಎಚ್ಚರಿಕೆ ತೋರಿಸುತ್ತಿದ್ದರೆ ಬೇರೇನನ್ನೂ ಮುಟ್ಟುವ ಮೊದಲು ಪರದೆಯ ಕೆಳಗಿನ ಬಲ ಮೂಲೆಯ ದಿನಾಂಕವನ್ನು, ಅದರಲ್ಲಿಯೂ ವರ್ಷವನ್ನು ನೋಡಿ. ಗಂಟೆ ನಿಮಿಷ ಸರಿಯಾಗಿಯೇ ಇದ್ದು ವರ್ಷ ಮಾತ್ರ ಹಿಂದಿರುವುದುಂಟು. ಕಂಪ್ಯೂಟರಿನ ಲೆಕ್ಕದಲ್ಲಿ ಇದು 2015 ಆಗಿದ್ದರೆ ಕಳೆದ ತಿಂಗಳು ಕೊಟ್ಟ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲ. ಬ್ರೌಸರ್ ಅದನ್ನು ತಿರಸ್ಕರಿಸುವುದು ಸಹಜ. ಕ್ರೋಮ್ ಎಷ್ಟೋ ಬಾರಿ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದು ನೇರವಾಗಿಯೇ ಹೇಳಿಬಿಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ತೊಂದರೆಗೆ ಒಂದು ವಿಶೇಷ ಕಾರಣವಿದೆ. ಇಡವದ (ಮೇ–ಜೂನ್) ಮಳೆಯಿಂದ ತುಲಾ ಮಾಸದ (ಅಕ್ಟೋಬರ್–ನವೆಂಬರ್) ಗುಡುಗಿನವರೆಗೂ ಸಿಡಿಲಿಗೆ ಹೆದರಿ ಟಿವಿ, ಮೋಡೆಮ್, ಕಂಪ್ಯೂಟರುಗಳ ಪ್ಲಗ್ಗನ್ನು ಕಿತ್ತಿಡುವುದು ಇಲ್ಲಿನ ಮನೆಗಳ ರೂಢಿ, ಅದು ಸರಿಯಾದ ರೂಢಿಯೂ ಹೌದು. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡಿಗೆ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಗೆ) ಅಲ್ಪ ವಿದ್ಯುತ್ ಬರುತ್ತಿದ್ದು ಗಡಿಯಾರ ಅದರಲ್ಲಿಯೇ ನಡೆಯುತ್ತದೆ. ಪ್ಲಗ್ ಕಿತ್ತಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಒಂದು ಸಣ್ಣ ಸೆಲ್ ಮಾತ್ರ. ಆ ಸೆಲ್ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ. ಸೆಲ್ ಬರಿದಾದ ಕಂಪ್ಯೂಟರು ಬೇಸಗೆಯಲ್ಲಿ ಏನೂ ತೊಂದರೆ ತೋರಿಸದೆ, ಮಳೆಗಾಲದಲ್ಲಿ ಎರಡು ದಿನ ಪ್ಲಗ್ ಕಿತ್ತಿಟ್ಟು ಮತ್ತೆ ಹಾಕಿದ ಬೆಳಗ್ಗೆ ಹಳೆಯ ಯಾವುದೋ ಜನವರಿ 1ಕ್ಕೆ ಮರಳುವುದು ಈ ಕಾರಣದಿಂದ. ಮಳೆ ಬಂದರೆ ಸೈಟು ಓಪನ್ ಆಗುವುದಿಲ್ಲ ಎಂದು ಜನ ಲೈನಿನವರನ್ನು ದೂರುವುದುಂಟು. ಇಂಥ ದೂರು ಕೊಡುವ ಮೊದಲು ಒಮ್ಮೆ ದಿನಾಂಕ ನೋಡಬೇಕು.

ಸರಿಪಡಿಸುವ ಕ್ರಮ ಹೀಗಿದೆ. ವಿಂಡೋಸ್ 10 ಮತ್ತು 11ರಲ್ಲಿ ಕೆಳಗಿನ ಗಡಿಯಾರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ದಿನಾಂಕ ಮತ್ತು ಸಮಯ ಹೊಂದಿಸುವ ಆಯ್ಕೆಯನ್ನು ತೆರೆಯಿರಿ. ಟೈಮ್ ಝೋನ್ ‘ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂಡೆಲ್ಲಿ’ ಎಂದಿರಬೇಕು, ಅದರ ಮುಂದೆ 05:30 ಎಂಬ ಅಂಕಿಯಿರಬೇಕು. ಝೋನ್ ತಪ್ಪಿದ್ದು ಗಂಟೆಯನ್ನು ಮಾತ್ರ ಕೈಯಿಂದ ತಿದ್ದಿದ್ದರೆ ನೋಡಲು ಸಮಯ ಸರಿಯಾಗಿ ಕಂಡರೂ ಒಳಗಿನ ಲೆಕ್ಕ ತಪ್ಪಿಯೇ ಇರುತ್ತದೆ. ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಎಂಬುದನ್ನು ಆನ್ ಮಾಡಿ, ಕೆಳಗಿನ ‘ಸಿಂಕ್ ನೌ’ ಒತ್ತಿ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದಾಗ ಈ ಗುಂಡಿಯಿಂದ ಕೆಲಸ ಆಗದಿರಬಹುದು, ಏಕೆಂದರೆ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಸಾಮಾನ್ಯವಾಗಿ 15 ಗಂಟೆಗಿಂತ ದೊಡ್ಡ ವ್ಯತ್ಯಾಸವನ್ನು ತಾನಾಗಿ ತಿದ್ದಲು ಒಪ್ಪುವುದಿಲ್ಲ. ಅಂಥಲ್ಲಿ ಸ್ವಯಂಚಾಲಿತ ಆಯ್ಕೆಯನ್ನು ಆಫ್ ಮಾಡಿ, ‘ಚೇಂಜ್’ ಒತ್ತಿ ಇಂದಿನ ದಿನಾಂಕವನ್ನೂ ಮೊಬೈಲಿನಲ್ಲಿ ಕಾಣುವ ಸಮಯವನ್ನೂ ಕೈಯಿಂದ ತುಂಬಿಸಿ, ಬಳಿಕ ಮತ್ತೆ ಆನ್ ಮಾಡಿ ‘ಸಿಂಕ್ ನೌ’ ಒತ್ತಬೇಕು. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದರೆ ತಾಣಗಳು ತೆರೆಯುತ್ತವೆ.

ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದೆ ಹೋಗುತ್ತಿದ್ದರೆ ಸೆಲ್ ಬದಲಾಯಿಸಲೇಬೇಕು. ಡೆಸ್ಕ್‌ಟಾಪ್‌ಗಳಲ್ಲಿ ಬಹುತೇಕ ಇರುವುದು ಸಿಆರ್ 2032 ಎಂಬ 3 ವೋಲ್ಟಿನ ಸೆಲ್. ಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಅಗ್ಗದ ವಸ್ತು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಕಳೆದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಸೆಲ್ಲಿನ ಪಕ್ಕದ ಕ್ಲಿಪ್ಪನ್ನು ಮೆಲ್ಲನೆ ಸರಿಸಿದರೆ ಅದು ಮೇಲೇಳುತ್ತದೆ. ಹೊಸದನ್ನು ಹಳೆಯದು ಇದ್ದ ಬದಿಯಲ್ಲಿಯೇ ಕೂರಿಸಬೇಕು. ಈ ಕೆಲಸದಲ್ಲಿ ಎರಡು ಎಚ್ಚರಿಕೆಗಳು ಮುಖ್ಯ. ವಿಂಡೋಸ್ 11ರ ಕಂಪ್ಯೂಟರುಗಳಲ್ಲಿ ಡಿಸ್ಕ್ ಗೂಢಲಿಪಿಯಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿರುವುದು ಸಾಮಾನ್ಯ, ಸೆಲ್ ತೆಗೆದಾಗ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ಮೊದಲ ಸ್ಥಿತಿಗೆ ಮರಳಿ, ಕಂಪ್ಯೂಟರು ಆ ಬೀಗ ತೆರೆಯುವ ರಿಕವರಿ ಕೀ ಕೇಳಬಹುದು. ಆದ್ದರಿಂದ ಆ ಕೀಯನ್ನು ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಳ್ಳಿ. ಇನ್ನೊಂದು, ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಸುಡುವ ವಸ್ತು ಅದು, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಲ್ಯಾಪ್‌ಟಾಪಿನ ಸೆಲ್ ಬದಲಾಯಿಸುವ ಕೆಲಸವನ್ನು ತಿಳಿದವರಿಗೇ ಬಿಡುವುದು ಲೇಸು.

ಗಡಿಯಾರದ ಇನ್ನೊಂದು ತೊಡಕು ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಕಾಣಿಸುತ್ತದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ವಿಂಡೋಸಿನ ಬದಲು ಬಳಸುವ, ಉಬುಂಟು ಆಧಾರಿತ ಕೈಟ್ ಗ್ನೂ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ. ಹೀಗಾಗಿ ವಿಂಡೋಸಿನ ಜತೆಗೆ ಅದನ್ನೂ ಹಾಕಿಸಿಕೊಂಡ ಕಂಪ್ಯೂಟರುಗಳು ಇಲ್ಲಿ ಸಾಕಷ್ಟಿವೆ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಭಾರತದ ಸಮಯವನ್ನೇ ಇಡುತ್ತದೆ. ಲಿನಕ್ಸ್ ವಾಡಿಕೆಯಂತೆ, ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವಸಮಯವನ್ನು (ಯುಟಿಸಿ) ಇಡುತ್ತದೆ. ಲಿನಕ್ಸಿನಲ್ಲಿ ಪಾಠ ಮುಗಿಸಿ ವಿಂಡೋಸಿಗೆ ಬಂದಾಗ ಕೆಲವು ಕಂಪ್ಯೂಟರುಗಳಲ್ಲಿ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಇಷ್ಟರಿಂದ ಹೆಚ್ಚಿನ ತಾಣಗಳಿಗೆ ತೊಂದರೆಯಿಲ್ಲ, ಆದರೆ ಅದೇ ದಿನ ಪ್ರಮಾಣಪತ್ರ ನವೀಕರಿಸಿಕೊಂಡ ತಾಣ ಮಾತ್ರ ತೆರೆಯದೆ, ಸಂಜೆಯ ಹೊತ್ತಿಗೆ ತಾನಾಗಿ ತೆರೆದು ಮನೆಯವರನ್ನು ಗೊಂದಲಕ್ಕೆ ಕೆಡಹುತ್ತದೆ. ಎರಡೂ ವ್ಯವಸ್ಥೆಗಳಲ್ಲಿ ಸ್ವಯಂಚಾಲಿತ ಸಮಯವನ್ನು ಆನ್ ಮಾಡಿ, ವಿಂಡೋಸ್ ಶುರುವಾದ ಮೇಲೆ ಒಮ್ಮೆ ಸಿಂಕ್ ಮಾಡಿದರೆ ಸಾಕು.

ಹಳೆಯ ವಿಂಡೋಸ್, ಹಳೆಯ ಬ್ರೌಸರ್

ದಿನಾಂಕ ಸರಿಯಿದ್ದೂ ಹಲವು ತಾಣಗಳು ತೆರೆಯದಿದ್ದರೆ ಕಂಪ್ಯೂಟರಿನ ವಯಸ್ಸನ್ನು ನೋಡಬೇಕು. ಟಿಎಲ್‌ಎಸ್ 1.0 ಬಂದದ್ದು 1999ರಲ್ಲಿ, 1.1 ಬಂದದ್ದು 2006ರಲ್ಲಿ. ಇವೆರಡನ್ನೂ ಪ್ರಮುಖ ಬ್ರೌಸರುಗಳು 2020ರ ಸುಮಾರಿಗೆ ಕೈಬಿಟ್ಟವು. ಈಗ ಬಳಕೆಯಲ್ಲಿರುವುದು 2008ರ 1.2 ಮತ್ತು 2018ರ 1.3. ಹಳೆಯ ಬ್ರೌಸರಿಗೆ ಹೊಸ ಭಾಷೆ ಬಾರದಿದ್ದರೆ ಮಾತುಕತೆ ಮುರಿಯುತ್ತದೆ.

ಇದರ ಜತೆಗೆ ನಂಬಿಕೆಯ ಪಟ್ಟಿಯೂ ಹಳತಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ‘ಡಿಎಸ್‌ಟಿ ರೂಟ್ ಸಿಎ ಎಕ್ಸ್ 3’ ಎಂಬ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ತಾಣಗಳನ್ನು ಹಳೆಯ ಸಾಧನಗಳು ನಂಬುತ್ತಿದ್ದುದು ಅದರ ಮೂಲಕವೇ. ನವೀಕರಣವಿಲ್ಲದೆ ಉಳಿದ ಎಷ್ಟೋ ಕಂಪ್ಯೂಟರುಗಳೂ ಫೋನುಗಳೂ ಅಂದಿನಿಂದ ಅಂಥ ತಾಣಗಳ ಮುಂದೆ ‘ಅಥಾರಿಟಿ ಇನ್‌ವ್ಯಾಲಿಡ್’ ಎನ್ನತೊಡಗಿದವು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2020ರ ಜನವರಿ 14ರಂದು. ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯ ಆವೃತ್ತಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ ತುರ್ತಾಗಿ ಒಂದು ಅರ್ಜಿ ತುಂಬಿಸಬೇಕಾದರೆ ಫೈರ್‌ಫಾಕ್ಸ್‌ನ 115ನೆಯ ದೀರ್ಘಾವಧಿ ಆವೃತ್ತಿಯನ್ನು ಮೊಝಿಲ್ಲಾದ ತಾಣದಿಂದಲೇ ಇಳಿಸಿಕೊಂಡು ನೋಡಿ. ಪಟ್ಟಿ ಅದರದೇ ಆದ್ದರಿಂದ ವಿಂಡೋಸಿನ ಹಳೆಯ ಪಟ್ಟಿ ಅಡ್ಡಬರುವುದಿಲ್ಲ. ಆದರೆ ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೊಸ ವಿಂಡೋಸ್ ಓಡಿಸುವ ಶಕ್ತಿಯಿಲ್ಲದ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸುವುದು ಒಳ್ಳೆಯ ದಾರಿ; ಅದನ್ನು ಬಳಸಲು ಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದಾರೆ.

ಆ್ಯಂಟಿವೈರಸ್ ಮತ್ತು ನಡುವೆ ಕುಳಿತವರು

ಕೆಲವು ಆ್ಯಂಟಿವೈರಸ್‌ಗಳು ಗುಪ್ತ ಸಂಪರ್ಕವನ್ನೂ ಪರಿಶೀಲಿಸಬೇಕೆಂದು ಬ್ರೌಸರ್ ಮತ್ತು ತಾಣದ ನಡುವೆ ತಾವೇ ಕುಳಿತು, ತಾಣದ ಪ್ರಮಾಣಪತ್ರದ ಜಾಗದಲ್ಲಿ ತಮ್ಮದೊಂದನ್ನು ಬ್ರೌಸರಿಗೆ ಕೊಡುತ್ತವೆ. ಪರವಾನಗಿಯ ಅವಧಿ ಮುಗಿದಾಗ ಅಥವಾ ಅರ್ಧಕ್ಕೆ ಅಳಿಸಿದಾಗ ಈ ಏರ್ಪಾಡು ಕೆಡುತ್ತದೆ. ಹೀಗಾಗಿದೆಯೇ ಎಂದು ತಿಳಿಯಲು ಎಚ್ಚರಿಕೆಯ ಪುಟದಲ್ಲಿ, ವಿಳಾಸದ ಎಡಗಡೆಯ ಗುರುತನ್ನು ಒತ್ತಿ ಪ್ರಮಾಣಪತ್ರವನ್ನು ತೆರೆದು ‘ಇಶ್ಯೂಡ್ ಬೈ’ ಎಂಬಲ್ಲಿರುವ ಹೆಸರನ್ನು ಓದಿ. ಗೂಗಲ್ ತಾಣದ ಪ್ರಮಾಣಪತ್ರವನ್ನು ನಿಮ್ಮ ಆ್ಯಂಟಿವೈರಸ್ ಕಂಪನಿ ಕೊಟ್ಟಂತೆ ಕಂಡರೆ ಕಾರಣ ಸಿಕ್ಕಿತು. ಆ ತಂತ್ರಾಂಶದ ಸೆಟ್ಟಿಂಗಿನಲ್ಲಿ ಎಚ್‌ಟಿಟಿಪಿಎಸ್ ಅಥವಾ ಎನ್‌ಕ್ರಿಪ್ಟೆಡ್ ಸಂಪರ್ಕಗಳ ಸ್ಕ್ಯಾನಿಂಗನ್ನು ಮಾತ್ರ ಆಫ್ ಮಾಡಿ ನೋಡಿ. ಇಡೀ ಆ್ಯಂಟಿವೈರಸನ್ನು ನಿಲ್ಲಿಸಬೇಕಾಗಿಲ್ಲ. ಅವಧಿ ಮುಗಿದದ್ದಾದರೆ ಅಳಿಸಿ, ವಿಂಡೋಸಿನ ಸ್ವಂತ ಡಿಫೆಂಡರನ್ನು ಬಳಸುವುದೇ ಮೇಲು.

ಅಲ್ಲಿ ಕಾಣುವ ಹೆಸರು ನೀವು ಕೇಳಿಯೇ ಇರದ ಯಾವುದೋ ಜಾಹೀರಾತು ತಂತ್ರಾಂಶದ್ದಾಗಿದ್ದರೆ ವಿಷಯ ಗಂಭೀರ. 2014–15ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪುಗಳು ಸೂಪರ್‌ಫಿಶ್ ಎಂಬ ತಂತ್ರಾಂಶದೊಂದಿಗೆ ಮಾರುಕಟ್ಟೆಗೆ ಬಂದವು; ಜಾಹೀರಾತು ತುರುಕಲೆಂದು ಅದು ತನ್ನದೇ ಮೂಲ ಪ್ರಮಾಣಪತ್ರವನ್ನು ವಿಂಡೋಸಿನ ಪಟ್ಟಿಗೆ ಸೇರಿಸಿತ್ತು. ವಿಷಯ ಬಯಲಾದ ಮೇಲೆ ಕಂಪನಿಯೇ ಅದನ್ನು ತೆಗೆಯುವ ಸಾಧನ ಕೊಡಬೇಕಾಯಿತು. ಕಳ್ಳಪ್ರತಿಯ ತಂತ್ರಾಂಶ ಹಾಕಿಸಿಕೊಂಡ ಕಂಪ್ಯೂಟರು, ಯಾರೋ ಬಳಸಿ ಮಾರಿದ ಕಂಪ್ಯೂಟರು, ಇವುಗಳಲ್ಲಿ ಇಂಥವು ಈಗಲೂ ಇರಬಹುದು. ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನೆಲ್ಲ ಅಳಿಸಲು ಹೊರಡಬೇಡಿ, ನ್ಯಾಯವಾದ ಸಂಸ್ಥೆಗಳ ಹೆಸರುಗಳೂ ನಮಗೆ ಅಪರಿಚಿತವೇ. ಕಡತಗಳನ್ನು ಬೇರೆ ಡಿಸ್ಕಿಗೆ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸಿ, ಆಮೇಲೆ ಮೊಬೈಲಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಪಾಸ್‌ವರ್ಡುಗಳನ್ನು ಬದಲಾಯಿಸಿ.

ಮನೆಯ ಲೈನು ಮತ್ತು ರೌಟರ್

ಪರೀಕ್ಷೆಯಲ್ಲಿ ದೋಷ ಲೈನಿನ ಕಡೆ ಕಂಡುಬಂದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಈ ತಿಂಗಳ ಹಣ ಕಟ್ಟಿದ್ದೇವೆಯೇ ಎಂಬುದು. ಪ್ಯಾಕಿನ ಅವಧಿ ಮುಗಿದಾಗ ಕೆಲವು ಸೇವೆಗಳು ಸಂಪರ್ಕವನ್ನು ಪೂರ್ತಿ ಕಡಿಯದೆ, ನೀವು ಯಾವ ತಾಣಕ್ಕೆ ಹೋದರೂ ತಮ್ಮ ಪಾವತಿಯ ಪುಟಕ್ಕೆ ತಿರುಗಿಸುತ್ತವೆ. ಗುಪ್ತ ಸಂಪರ್ಕದಲ್ಲಿ ಹೀಗೆ ತಿರುಗಿಸಿದರೆ ಪ್ರಮಾಣಪತ್ರದ ಹೆಸರು ಹೊಂದುವುದಿಲ್ಲ, ಎಚ್ಚರಿಕೆ ಬರುತ್ತದೆ. ರೈಲು ನಿಲ್ದಾಣಗಳ ಉಚಿತ ವೈಫೈಯಲ್ಲಿ ಲಾಗಿನ್ ಆಗುವ ಮೊದಲು ಕಾಣುವ ಎಚ್ಚರಿಕೆಗೂ ಇದೇ ಕಾರಣ. ‘ನೆವರ್ ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂಬ ತಾಣ ಗುಪ್ತ ಸಂಪರ್ಕವಿಲ್ಲದೆಯೇ ತೆರೆಯುವಂಥದು. ಅದನ್ನು ತೆರೆದಾಗ ಪಾವತಿಯ ಅಥವಾ ಲಾಗಿನ್ ಪುಟ ಎದುರಾದರೆ ಕಾರಣ ಸ್ಪಷ್ಟವಾಗುತ್ತದೆ.

ಹಣ ಕಟ್ಟಿದ್ದರೆ ಮೋಡೆಮ್ ಮತ್ತು ರೌಟರನ್ನು ಒಂದು ನಿಮಿಷ ಆರಿಸಿ ಹಾಕಿ. ಅದರಿಂದಲೂ ಆಗದಿದ್ದರೆ ರೌಟರಿನ ಡಿಎನ್‌ಎಸ್ ವಿಳಾಸಗಳನ್ನು ನೋಡಬೇಕು. ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆ ಡಿಎನ್‌ಎಸ್. ಯಾರಾದರೂ ರೌಟರಿನೊಳಗೆ ನುಗ್ಗಿ ಅದನ್ನು ಬದಲಾಯಿಸಿದ್ದರೆ ನೀವು ಬ್ಯಾಂಕಿನ ಹೆಸರು ಬರೆದರೂ ತಲಪುವುದು ಇನ್ನೆಲ್ಲಿಗೋ. ರೌಟರಿನ ಪುಟ ಸಾಮಾನ್ಯವಾಗಿ 192.168.1.1 ಎಂಬ ವಿಳಾಸದಲ್ಲಿರುತ್ತದೆ. ಅಲ್ಲಿ ಅಪರಿಚಿತ ಅಂಕಿಗಳು ಕಂಡರೆ ಬರೆದಿಟ್ಟುಕೊಂಡು, ಅವು ತಮ್ಮವೇ ಎಂದು ಲೈನಿನವರನ್ನು ಕೇಳಿ. ತಮ್ಮವಲ್ಲ ಎಂದರೆ 1.1.1.1 ಅಥವಾ 8.8.8.8 ಎಂಬ ಸಾರ್ವಜನಿಕ ಸೇವೆಗಳನ್ನು ಹಾಕಿ, ರೌಟರಿನ ಆಡಳಿತದ ಪಾಸ್‌ವರ್ಡನ್ನು ಬದಲಾಯಿಸಲೇಬೇಕು. ಆ ಪುಟವನ್ನು ತೆರೆಯುವಾಗ ಎಚ್ಚರಿಕೆ ಬಂದರೆ ಗಾಬರಿ ಬೇಡ. ರೌಟರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುತ್ತದೆ.

ಇನ್ನೊಂದು ಸೂಕ್ಷ್ಮ ದೋಷವಿದೆ. ಎಚ್ಚರಿಕೆಯೇನೂ ಬರದೆ ಕೆಲವು ಸುರಕ್ಷಿತ ತಾಣಗಳು ಮಾತ್ರ ಸುತ್ತುತ್ತಲೇ ಇದ್ದು ಕೊನೆಗೆ ‘ಟೈಮ್ಡ್ ಔಟ್’ ಎನ್ನುತ್ತವೆ, ಅದೇ ತಾಣಗಳು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂಡಲೇ ತೆರೆಯುತ್ತವೆ. ಒಂದು ಸಲಕ್ಕೆ ಕಳಿಸಬಹುದಾದ ಮಾಹಿತಿಯ ತುಣುಕಿನ ಗಾತ್ರ ಸಾಮಾನ್ಯವಾಗಿ 1500 ಬೈಟ್. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಲೈನುಗಳಲ್ಲಿ 8 ಬೈಟ್ ಆ ಏರ್ಪಾಡಿಗೇ ಹೋಗಿ 1492 ಮಾತ್ರ ಉಳಿಯುತ್ತದೆ. ರೌಟರಿನಲ್ಲಿ 1500 ಎಂದೇ ಇದ್ದರೆ ದೊಡ್ಡ ತುಣುಕುಗಳು ದಾರಿಯಲ್ಲಿಯೇ ಬಿದ್ದುಹೋಗಬಹುದು. ಪ್ರಮಾಣಪತ್ರ ಬರುವುದು ದೊಡ್ಡ ತುಣುಕುಗಳಲ್ಲಿಯೇ ಆದ್ದರಿಂದ ಮೊದಲ ಪೆಟ್ಟು ಬೀಳುವುದು ಸುರಕ್ಷಿತ ತಾಣಗಳಿಗೆ. ರೌಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು ಎಂಬ ತುಣುಕಿನ ಗಾತ್ರವನ್ನು 1492 ಮಾಡಿದರೆ ಇದು ಸರಿಹೋಗುತ್ತದೆ. ನಿಮಗೆ ಧೈರ್ಯವಿಲ್ಲದಿದ್ದರೆ ಲೈನಿನವರಿಗೆ ಈ ಅಂಕಿಯನ್ನು ಹೇಳಿ ಮಾಡಿಸಿಕೊಳ್ಳಿ.

ಬ್ರೌಸರಿನೊಳಗಿನ ಸಣ್ಣ ಕಾರಣಗಳು

ಒಂದು ಬ್ರೌಸರಿನಲ್ಲಿ ಮಾತ್ರ ತೊಂದರೆಯಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಗಳನ್ನು ಒಟ್ಟಿಗೆ ಒತ್ತಿ ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿ. ಅಲ್ಲಿ ತೆರೆದರೆ ಯಾವುದೋ ಎಕ್ಸ್‌ಟೆನ್ಶನ್ ಅಥವಾ ಉಳಿದುಕೊಂಡ ಕುಕೀ (ತಾಣ ಬ್ರೌಸರಿನಲ್ಲಿ ಇಟ್ಟುಹೋದ ಸಣ್ಣ ದಾಖಲೆ) ಕಾರಣ. ಎಕ್ಸ್‌ಟೆನ್ಶನ್ನುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ, ಆ ತಾಣದ ಕುಕೀಗಳನ್ನು ಅಳಿಸಿ, ಬ್ರೌಸರನ್ನು ನವೀಕರಿಸಿ.

ತಪ್ಪು ತಾಣದ್ದೇ ಆದಾಗ

ಮೊಬೈಲ್ ಡೇಟಾದಲ್ಲಿಯೂ ಎಚ್ಚರಿಕೆ ಬರುತ್ತಿದ್ದರೆ ನೀವು ಮಾಡಬಹುದಾದದ್ದು ಕಡಿಮೆ. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇದ್ದರೆ ತೆಗೆದು, ಇಲ್ಲದಿದ್ದರೆ ಸೇರಿಸಿ ನೋಡಿ, ಏಕೆಂದರೆ ಕೆಲವು ತಾಣಗಳ ಪ್ರಮಾಣಪತ್ರ ಎರಡರಲ್ಲೊಂದು ರೂಪಕ್ಕೆ ಮಾತ್ರ ಇರುತ್ತದೆ. ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದು ನಿಮ್ಮ ಗಡಿಯಾರ ಸರಿಯಿದ್ದರೆ ತಾಣದವರು ನವೀಕರಿಸಲು ಮರೆತಿದ್ದಾರೆ. ಪ್ರಮಾಣಪತ್ರದ ಅತಿ ಹೆಚ್ಚಿನ ಅವಧಿ 2020ರಿಂದ 398 ದಿನವಿತ್ತು. ಬ್ರೌಸರ್ ತಯಾರಕರೂ ಪ್ರಮಾಣಪತ್ರ ಸಂಸ್ಥೆಗಳೂ ಸೇರಿ 2025ರಲ್ಲಿ ಮಾಡಿಕೊಂಡ ತೀರ್ಮಾನದಂತೆ ಅದು 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರಲ್ಲಿ 47 ದಿನ ಆಗುತ್ತದೆ. ಕೈಯಿಂದ ನವೀಕರಿಸುವ ಕಚೇರಿಗಳ ತಾಣಗಳಲ್ಲಿ ಇಂಥ ಮರೆವು ಇನ್ನು ಹೆಚ್ಚಬಹುದು.

ಕೆಲವು ತಾಣಗಳಲ್ಲಿ ಮುಂದುವರಿಯುವ ಆಯ್ಕೆಯೇ ಇರುವುದಿಲ್ಲ. ಗುಪ್ತ ಸಂಪರ್ಕವಿಲ್ಲದೆ ನಮ್ಮಲ್ಲಿಗೆ ಯಾರೂ ಬರಬಾರದು ಎಂದು ಆ ತಾಣವೇ ಬ್ರೌಸರಿಗೆ ಮೊದಲೇ ಹೇಳಿಟ್ಟಿರುತ್ತದೆ. ಅದನ್ನು ಮುರಿಯುವ ಉಪಾಯಗಳನ್ನು ಹುಡುಕಬೇಡಿ. ಆಯ್ಕೆ ಇದ್ದಲ್ಲಿಯೂ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿ, ಬ್ಯಾಂಕಿನ ವಿವರ ಕೊಡಬೇಕಾದ ಪುಟಗಳಿಗೆ ಎಚ್ಚರಿಕೆ ದಾಟಿ ಹೋಗಬಾರದು. ಸ್ವಂತ ರೌಟರಿನ ಪುಟ ಮಾತ್ರ ಇದಕ್ಕೆ ಹೊರತು. ಹಾಗೆಯೇ, ಎಚ್ಚರಿಕೆ ಬರಲಿಲ್ಲವೆಂದ ಮಾತ್ರಕ್ಕೆ ತಾಣ ಪ್ರಾಮಾಣಿಕವೆಂದಲ್ಲ. ಮೋಸದ ತಾಣಕ್ಕೂ ಉಚಿತವಾಗಿ ಪ್ರಮಾಣಪತ್ರ ಸಿಗುತ್ತದೆ. ಬೀಗದ ಚಿತ್ರವನ್ನು ಜನ ತಪ್ಪಾಗಿ ತಿಳಿಯುತ್ತಿದ್ದಾರೆಂದೇ ಕ್ರೋಮ್ 2023ರಲ್ಲಿ ಅದನ್ನು ಕೈಬಿಟ್ಟಿತು. ಸರ್ಕಾರದ ತಾಣಗಳ ವಿಳಾಸ ಬಹುತೇಕ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.

ಅರ್ಜಿಯ ಕೊನೆಯ ದಿನವೇ ಹೀಗಾದರೆ, ದೋಷ ಕಂಪ್ಯೂಟರಿನದಾದ ಪಕ್ಷದಲ್ಲಿ ಮೊಬೈಲಿನಲ್ಲಿಯೇ ಅರ್ಜಿ ತುಂಬಿಸಿ, ಲೈನಿನದಾದ ಪಕ್ಷದಲ್ಲಿ ಮೊಬೈಲ್ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಸೇರಿಸಿ. ಎರಡೂ ಆಗದಿದ್ದರೆ ಸರ್ಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ. ದೋಷ ತಾಣದ್ದಾದರೆ ಅಕ್ಷಯ ಕೇಂದ್ರದಲ್ಲಿಯೂ ಅದೇ ಎಚ್ಚರಿಕೆ ಕಾಣುತ್ತದೆ. ಆಗ ತಾಣದ ಸಹಾಯವಾಣಿಗೆ ಇಮೇಲ್ ಬರೆಯಿರಿ: ಪೂರ್ತಿ ವಿಳಾಸ, ದಿನಾಂಕ ಮತ್ತು ಸಮಯ, ಸಣ್ಣ ಅಕ್ಷರಗಳ ಸಂಕೇತ, ಮೊಬೈಲ್ ಡೇಟಾದಲ್ಲಿಯೂ ಹೀಗೆಯೇ ಆಯಿತೆಂಬ ಮಾತು, ಜತೆಗೆ ದಿನಾಂಕ ಕಾಣುವಂತೆ ತೆಗೆದ ಪರದೆಯ ಚಿತ್ರ. ಆ ಇಮೇಲಿನ ಪ್ರತಿಯನ್ನು ಅರ್ಜಿಯ ಕಾಗದಪತ್ರಗಳ ಜತೆ ಇಟ್ಟುಕೊಂಡರೆ, ಗಡುವಿನೊಳಗೆ ನೀವು ಪ್ರಯತ್ನಿಸಿದ್ದಿರಿ ಎಂಬುದಕ್ಕೆ ಅದು ದಾಖಲೆಯಾಗುತ್ತದೆ.